ಜಠರದ ಕ್ಯಾನ್ಸರ್ ಎಲ್ಲಿ ಹೆಚ್ಚು, ಯಾರಿಗೆ ಹೆಚ್ಚು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹದಿನೇಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಾನು ವೈದ್ಯೆಯಲ್ಲ. ರೋಗಿಗಳ ಕಡತಗಳನ್ನು ಜೋಡಿಸುವುದು, ರೋಗದ ಹೆಸರಿಗೆ ಸರಿಯಾದ ಸಂಕೇತ ಬರೆಯುವುದು, ವಿಳಾಸ ತಪ್ಪಿದ್ದರೆ ಫೋನ್ ಮಾಡಿ ತಿದ್ದುವುದು ನನ್ನ ಕೆಲಸ. ಕಿಟಕಿಯ ಹೊರಗೆ ನಿಂತ ಮನೆಯವರು ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳುತ್ತಾರೆ, ಉಳಿದದ್ದನ್ನೆಲ್ಲ ನನ್ನನ್ನು ಕೇಳುತ್ತಾರೆ. ‘ಇದು ನಮ್ಮ ಕಡೆ ಜಾಸ್ತಿಯಾ ಅಕ್ಕಾ?’, ‘ಒಣಮೀನು ತಿಂದದ್ದಕ್ಕೆ ಬಂತಾ?’ ಎಂಬಂಥ ಪ್ರಶ್ನೆಗಳು ಅವು. ಕಡತ ಹಿಡಿದುಕೊಂಡು ನಿಂತಲ್ಲೇ ಕೊಟ್ಟ ಅರ್ಧಂಬರ್ಧ ಉತ್ತರಗಳನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಹೊಟ್ಟೆಯ ಕ್ಯಾನ್ಸರ್, ಜಠರದ ಕ್ಯಾನ್ಸರ್ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಲೆಕ್ಕದಲ್ಲಿ ಬೇರೆ. ನಮಗೆ ಎದೆಯಿಂದ ಕೆಳಗೆ, ಸೊಂಟದಿಂದ ಮೇಲೆ ಇರುವುದೆಲ್ಲ ಹೊಟ್ಟೆ. ಯಕೃತ್ತಿನ ಗಡ್ಡೆಯೂ, ದೊಡ್ಡಕರುಳಿನದ್ದೂ, ಹೆಂಗಸರ ಅಂಡಾಶಯದ್ದೂ ಮನೆಯ ಮಾತಿನಲ್ಲಿ ‘ಹೊಟ್ಟೆ ಕ್ಯಾನ್ಸರ್’ ಆಗಿಬಿಡುತ್ತವೆ. ಜಠರವೆಂದರೆ ಅನ್ನನಾಳ ಮುಗಿದ ಮೇಲೆ ಬರುವ, ತಿಂದ ಅನ್ನ ಮೊದಲು ಹೋಗಿ ಸೇರುವ ಚೀಲ. ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಅದರ ಕ್ಯಾನ್ಸರ್‌ಗೆ ಸಿ16 ಎಂಬ ಸಂಕೇತವಿದೆ. ಈ ಪುಟದಲ್ಲಿ ಹೇಳುವುದೆಲ್ಲ ಅದೊಂದರ ಬಗ್ಗೆ ಮಾತ್ರ.

‘ನಮ್ಮ ಅಜ್ಜನೂ ಹೊಟ್ಟೆ ಕ್ಯಾನ್ಸರಿನಲ್ಲೇ ಹೋದರು’ ಎಂದು ಯಾರಾದರೂ ಹೇಳಿದರೆ, ಅದು ಯಾವ ಅಂಗದ್ದು ಎಂದು ಹಳೆಯ ಕಾಗದ ನೋಡಿ ತಿಳಿದುಕೊಳ್ಳಿ. ಮನೆತನದ ಇತಿಹಾಸ ಕೇಳುವಾಗ ವೈದ್ಯರಿಗೆ ಬೇಕಾಗುವುದು ಆ ಅಂಗದ ಹೆಸರು.

ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ಬರುತ್ತದೆ?

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2020ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 60 ಸಾವಿರ ಮಂದಿಗೆ ಹೊಸದಾಗಿ ಜಠರದ ಕ್ಯಾನ್ಸರ್ ಬಂದಿದೆ, ಸುಮಾರು 53 ಸಾವಿರ ಮಂದಿ ಅದರಿಂದ ತೀರಿಕೊಂಡಿದ್ದಾರೆ. ಇಡೀ ಜಗತ್ತಿನಲ್ಲಿ ಅದೇ ವರ್ಷ ಹೊಸ ರೋಗಿಗಳು ಸುಮಾರು 10.9 ಲಕ್ಷ, ಸಾವು ಸುಮಾರು 7.7 ಲಕ್ಷ.

ಜಗತ್ತಿನ ಜನರಲ್ಲಿ ಆರರಲ್ಲಿ ಒಬ್ಬರು ಭಾರತೀಯರು. ಈ ರೋಗದಲ್ಲಿ ಮಾತ್ರ ನಮ್ಮ ಪಾಲು ಹದಿನೆಂಟರಲ್ಲಿ ಒಂದು. ಅಂದರೆ ಒಟ್ಟಾರೆ ನೋಡಿದರೆ ಇದು ಕಡಿಮೆ ಇರುವ ದೇಶ. ಆದರೆ ಹೊಸ ರೋಗಿಗಳ ಸಂಖ್ಯೆಯ ಪಕ್ಕದಲ್ಲೇ ಸಾವಿನ ಸಂಖ್ಯೆ ಎಷ್ಟು ಹತ್ತಿರ ನಿಂತಿದೆ ನೋಡಿ. ನನ್ನನ್ನು ಕಾಡುವುದು ಅದು. ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿಲ್ಲ, ಏಕೆಂದರೆ ತಡವಾಗಿ ಬರುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಇದೇ ರೋಗ ಪತ್ತೆಯಾದ ನಾಲ್ವರಲ್ಲಿ ಸುಮಾರು ಮೂವರು ಐದು ವರ್ಷ ದಾಟಿಯೂ ಬದುಕಿರುತ್ತಾರೆ.

ಈ ಲೆಕ್ಕವನ್ನು ಯಾರು ಇಡುತ್ತಾರೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿತು. 1982ರಿಂದ ಬೆಂಗಳೂರು, ಮುಂಬಯಿ, ಚೆನ್ನೈ ನಗರಗಳ ಲೆಕ್ಕ ಅದರಡಿ ಬಂತು. ಬೆಂಗಳೂರಿನದ್ದನ್ನು ಕಿದ್ವಾಯಿ ಸಂಸ್ಥೆ ನಡೆಸುತ್ತದೆ. ಮುಂಬಯಿಯಲ್ಲಿ ಅದಕ್ಕೂ ಮೊದಲೇ, 1963ರಲ್ಲೇ, ನೋಂದಣಿ ಆರಂಭವಾಗಿತ್ತು. ಹಳ್ಳಿಗಳ ಲೆಕ್ಕಕ್ಕಾಗಿ ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿ ಒಂದು ನೋಂದಣಿ ಕೇಂದ್ರ ತೆರೆಯಿತು. ಈಗ ದೇಶದ ಹಲವೆಡೆ ಕೇಂದ್ರಗಳಿವೆಯಾದರೂ ಎಲ್ಲ ಸೇರಿ ದೇಶದ ಜನಸಂಖ್ಯೆಯ ಸಣ್ಣ ಭಾಗವೊಂದನ್ನೇ ಮುಟ್ಟುತ್ತವೆ. ಉಳಿದವರ ಸಂಖ್ಯೆಯನ್ನು ಇವುಗಳ ಆಧಾರದ ಮೇಲೆ ಅಂದಾಜು ಮಾಡುತ್ತಾರೆ.

ಇದರಲ್ಲಿ ಎರಡು ಬಗೆ ಇವೆ. ಜನಸಂಖ್ಯಾ ಆಧಾರಿತ ನೋಂದಣಿಯಲ್ಲಿ ಒಂದು ಗೊತ್ತಾದ ಪ್ರದೇಶದ ನಿವಾಸಿಗಳು ಎಲ್ಲಿಗೇ ಹೋಗಿ ಚಿಕಿತ್ಸೆ ಪಡೆದರೂ ಅವರನ್ನು ಹುಡುಕಿ ಬರೆದುಕೊಳ್ಳುತ್ತಾರೆ. ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳನ್ನು ಸುತ್ತುತ್ತಾರೆ, ಒಬ್ಬರೇ ಎರಡು ಕಡೆ ಬಂದಿದ್ದರೆ ಒಂದು ದಾಖಲೆಯನ್ನು ತೆಗೆಯುತ್ತಾರೆ. ಆಸ್ಪತ್ರೆ ಆಧಾರಿತ ನೋಂದಣಿಯಲ್ಲಿ ಆ ಆಸ್ಪತ್ರೆಯ ಬಾಗಿಲಿಗೆ ಬಂದವರೆಲ್ಲರ ಹೆಸರಿರುತ್ತದೆ, ಅವರು ಯಾವ ಊರಿನವರೇ ಆಗಿರಲಿ. ಮೊದಲನೆಯದರಿಂದ ದರ, ಅಂದರೆ ವರ್ಷಕ್ಕೆ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಹೊಸದಾಗಿ ರೋಗ ಬರುತ್ತದೆ ಎಂಬುದು, ತಿಳಿಯುತ್ತದೆ. ಎರಡನೆಯದರಿಂದ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ತಿಳಿಯುತ್ತದೆ.

ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ಎಲ್ಲಿ ನೋಡಿದರೂ ಕ್ಯಾನ್ಸರ್ ರೋಗಿಗಳೇ. ಹಾಗಾದರೆ ನಮ್ಮ ಕರಾವಳಿಯಲ್ಲಿ ಹೆಚ್ಚು ಎಂದಾಯಿತಲ್ಲ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ: ವಾರ್ಡಿನ ಜನಜಂಗುಳಿಯಿಂದ ಹಾಗೆ ಹೇಳಲು ಬರುವುದಿಲ್ಲ.

ಬೆಳಿಗ್ಗೆ ಬಸ್ಸುಗಳು ಬಂದು ನಿಲ್ಲುವ ಹೊತ್ತಿಗೆ ಹೊರರೋಗಿ ವಿಭಾಗದ ಸಾಲನ್ನು ನೋಡಬೇಕು. ಕಾಸರಗೋಡಿನಿಂದ ಮಲಯಾಳ ಮಾತನಾಡುತ್ತ ಬಂದವರು, ಘಟ್ಟ ಇಳಿದು ಬಂದ ಮೂಡಿಗೆರೆ, ಶೃಂಗೇರಿ, ತೀರ್ಥಹಳ್ಳಿಯವರು, ಭಟ್ಕಳ, ಹೊನ್ನಾವರ, ಕುಮಟಾದವರು. ಅವರೆಲ್ಲರಿಗೂ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು, ಇಲ್ಲವೇ ಮಣಿಪಾಲ. ಆ ಸಾಲನ್ನು ಎಣಿಸಿ ‘ಮಂಗಳೂರಿನಲ್ಲಿ ಇಷ್ಟು’ ಎಂದರೆ, ದಕ್ಕೆಯಲ್ಲಿ ಇಳಿಸಿದ ಮೀನನ್ನೆಲ್ಲ ನೇತ್ರಾವತಿಯಲ್ಲಿ ಹಿಡಿದದ್ದು ಎಂದಂತಾಗುತ್ತದೆ.

ನನ್ನ ಮೇಜಿನ ಮೇಲೆ ಬಂದ ಒಂದು ಕಡತವನ್ನೇ ತೆಗೆದುಕೊಳ್ಳಿ. ವಿಳಾಸದ ಸಾಲಿನಲ್ಲಿ ‘ಪಂಪ್‌ವೆಲ್ ಹತ್ತಿರ’ ಎಂದಷ್ಟೇ ಇತ್ತು. ಜಿಲ್ಲೆ ದಕ್ಷಿಣ ಕನ್ನಡ. ಕೆಳಗೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ರೋಗಿಯ ತಂಗಿ. ‘ಅದು ನಮ್ಮ ಮನೆ ಮೇಡಂ, ಅಣ್ಣ ಚಿಕಿತ್ಸೆಗೆಂದು ಬಂದು ಇಲ್ಲಿ ಉಳಿದದ್ದು. ಅವರ ಮನೆ ಕೊಪ್ಪದ ಹತ್ತಿರ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ’ ಎಂದರು. ಒಂದು ಫೋನಿನಿಂದ ಒಬ್ಬ ರೋಗಿ ಕರಾವಳಿಯ ಲೆಕ್ಕದಿಂದ ಚಿಕ್ಕಮಗಳೂರಿನ ಲೆಕ್ಕಕ್ಕೆ ಹೋದರು. ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ, ಒಂದು ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಅಲ್ಲಿಯ ನಿವಾಸಿ ಎಂದು ಎಣಿಸಬೇಕು. ಚಿಕಿತ್ಸೆಗೆ ಬಂದು ತಂಗಿಯ ಮನೆಯಲ್ಲಿ ಮೂರು ತಿಂಗಳು ಇದ್ದವರು ನಿವಾಸಿಯಾಗುವುದಿಲ್ಲ.

ಉಡುಪಿಯ ಕಡೆ ಇನ್ನೊಂದು ತೊಡಕಿದೆ. ನಲವತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ದುಡಿದವರು ಕಾಯಿಲೆಯಾದಾಗ ಊರಿಗೆ ಬರುತ್ತಾರೆ. ರೋಗ ಬೆಳೆದದ್ದು ಎಲ್ಲಿ, ಪತ್ತೆಯಾದದ್ದು ಎಲ್ಲಿ, ತೀರಿಕೊಂಡದ್ದು ಎಲ್ಲಿ ಎಂಬ ಮೂರಕ್ಕೂ ಮೂರು ಊರಿನ ಹೆಸರಿರಬಹುದು.

ವರದಿಗಳಲ್ಲಿ ‘ವಯೋಹೊಂದಾಣಿಕೆಯ ದರ’ ಎಂದು ಬರೆದಿರುತ್ತಾರೆ. ಏನದು?

ಜಠರದ ಕ್ಯಾನ್ಸರ್ ಹೆಚ್ಚಾಗಿ ಐವತ್ತು ದಾಟಿದ ಮೇಲೆ ಬರುವ ರೋಗ. ಈಗ ಕುಂದಾಪುರದ ಕಡೆಯ ಒಂದು ಹಳ್ಳಿಯನ್ನು ನೆನೆಯಿರಿ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ ಸೇರಿದ್ದಾರೆ. ತುಳಸಿಕಟ್ಟೆ ಇರುವ ದೊಡ್ಡ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಇಂಥ ಹಳ್ಳಿಯಲ್ಲಿ ನೂರು ಜನರಿಗೆ ಎಷ್ಟು ರೋಗಿಗಳು ಎಂದು ಬರಿದೇ ಭಾಗಿಸಿದರೆ, ಮಕ್ಕಳು ಮರಿ ತುಂಬಿರುವ ಯಾವುದೋ ಉತ್ತರದ ಹಳ್ಳಿಗಿಂತ ದರ ಹೆಚ್ಚು ಬಂದೇ ಬರುತ್ತದೆ. ಹೆಚ್ಚು ಇರುವುದು ವಯಸ್ಸು. ರೋಗವೂ ಹೆಚ್ಚಿದೆಯೇ ಎಂಬುದು ಆ ಭಾಗಾಕಾರದಿಂದ ಗೊತ್ತಾಗುವುದಿಲ್ಲ.

ಆದ್ದರಿಂದ ಎರಡೂ ಊರುಗಳಲ್ಲಿ ಒಂದೇ ಪ್ರಮಾಣದ ಮಕ್ಕಳು, ಯುವಕರು, ಮುದುಕರು ಇದ್ದಿದ್ದರೆ ದರ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಒಂದು ಮಾದರಿ ಜನಸಂಖ್ಯೆ ಬೇಕು. ಜಪಾನಿನ ಮಿತ್ಸುವೊ ಸೆಗಿ 1960ರ ಸುಮಾರಿಗೆ ರೂಪಿಸಿದ ಮಾದರಿಯೇ ಸ್ವಲ್ಪ ತಿದ್ದುಪಡಿಯೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಎರಡು ಊರು ಅಥವಾ ಎರಡು ದೇಶಗಳನ್ನು ಹೋಲಿಸುವಾಗ ನೋಡಬೇಕಾದದ್ದು ಈ ದರವನ್ನು. ಪತ್ರಿಕೆಯಲ್ಲಿ ‘ರೋಗಿಗಳ ಸಂಖ್ಯೆ ದುಪ್ಪಟ್ಟು’ ಎಂದು ಓದಿದಾಗ ಮೊದಲು ಹುಡುಕಬೇಕಾದದ್ದೂ ಇದನ್ನೇ.

ಹಾಗೆ ನೋಡಿದರೆ ದೇಶದಲ್ಲಿ ಎಲ್ಲಿ ಹೆಚ್ಚು?

ಈಶಾನ್ಯದಲ್ಲಿ. ಇಡೀ ದೇಶದ ವಯೋಹೊಂದಾಣಿಕೆಯ ದರ ಲಕ್ಷಕ್ಕೆ ನಾಲ್ಕೈದು. ಮಿಜೋರಾಮಿನ ಐಜೋಲ್ ಜಿಲ್ಲೆಯ ಗಂಡಸರಲ್ಲಿ ಅದು 2012–14ರ ವರದಿಯಲ್ಲಿ 40 ಮೀರಿತ್ತು. ಹೆಂಗಸರಲ್ಲಿ ಅತಿ ಹೆಚ್ಚು ಕಂಡದ್ದು ಅರುಣಾಚಲ ಪ್ರದೇಶದ ಪಾಪುಂ ಪಾರೆ ಜಿಲ್ಲೆಯಲ್ಲಿ. ಜಪಾನಿನ ಗಂಡಸರ ದರ 2020ರ ಅಂದಾಜಿನಲ್ಲಿ ಸುಮಾರು 48. ಅಂದರೆ ಐಜೋಲ್ ಬೆಟ್ಟಗಳ ಜನ ಈ ಒಂದು ರೋಗದ ಮಟ್ಟಿಗೆ ಭಾರತದ ಉಳಿದ ಭಾಗಕ್ಕಿಂತ ಜಪಾನಿಗೆ ಹತ್ತಿರ.

ಮಿಜೋರಾಮಿನಲ್ಲಿ ನಡೆದ ಅಧ್ಯಯನಗಳು ಬೊಟ್ಟು ಮಾಡಿದ್ದು ತಂಬಾಕಿನ ಕಡೆಗೆ, ಹೊಗೆಯಲ್ಲಿ ಒಣಗಿಸಿದ ಮಾಂಸದ ಕಡೆಗೆ, ಸಾ-ಉಮ್ ಎಂಬ ಹುದುಗಿಸಿದ ಹಂದಿಕೊಬ್ಬಿನ ಕಡೆಗೆ. ತುಯ್ಬುರ್ ಎಂಬುದು ಅಲ್ಲಿಯ ಇನ್ನೊಂದು ರೂಢಿ. ತಂಬಾಕಿನ ಹೊಗೆಯನ್ನು ನೀರಿನೊಳಗೆ ಹಾಯಿಸಿ, ಆ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಇದನ್ನೆಲ್ಲ ಓದಿ ‘ಅವರ ಊಟವೇ ಹಾಗೆ’ ಎಂದು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮಳೆ ಬಿಡದ ಬೆಟ್ಟದಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಕಾಪಾಡಿಕೊಂಡದ್ದಕ್ಕೂ, ನಮ್ಮ ಹಿರಿಯರು ಆಟಿ ತಿಂಗಳಿಗೆಂದು ಭರಣಿಯಲ್ಲಿ ಉಪ್ಪುಸೊಳೆ (ಉಪ್ಪು ಹಾಕಿಟ್ಟ ಹಲಸಿನ ತೊಳೆ) ತುಂಬಿಟ್ಟದ್ದಕ್ಕೂ ಕಾರಣ ಒಂದೇ. ಮಳೆಗಾಲ ಕಳೆಯಬೇಕಿತ್ತು.

ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚು ಎನ್ನುತ್ತಾರೆ, ನಿಜವೇ?

ನಿಜ. ಚೆನ್ನೈ ಮತ್ತು ಬೆಂಗಳೂರಿನ ಗಂಡಸರಲ್ಲಿ ಜಠರದ ಕ್ಯಾನ್ಸರ್ ಬಹುಕಾಲದಿಂದ ಮೊದಲ ಸಾಲಿನ ಕ್ಯಾನ್ಸರ್‌ಗಳಲ್ಲಿ ಒಂದು. ಮುಂಬಯಿ, ದೆಹಲಿಗಳಲ್ಲಿ ದರ ಅದಕ್ಕಿಂತ ಕಡಿಮೆ. ಅನ್ನದ ಊಟ, ಖಾರ, ಸುಡುಸುಡು ತಿನ್ನುವ ಅಭ್ಯಾಸ ಎಂದು ದಕ್ಷಿಣದಲ್ಲಿ ನಡೆದ ಕೆಲವು ಅಧ್ಯಯನಗಳು ಸಂಶಯ ಪಟ್ಟಿವೆ. ಆದರೆ ಉಪ್ಪು, ತಂಬಾಕುಗಳ ವಿಷಯದಲ್ಲಿ ಇರುವಷ್ಟು ಗಟ್ಟಿ ಆಧಾರ ಮೆಣಸಿನ ವಿಷಯದಲ್ಲಿಲ್ಲ. ಬೆಂಗಳೂರಿನ ಅಂಕಿಯನ್ನು ಹಾಗೆಯೇ ಎತ್ತಿ ಕರಾವಳಿಗೆ ಅಂಟಿಸುವುದೂ ಸರಿಯಲ್ಲ. ನಮ್ಮ ನೀರು, ಊಟ, ದುಡಿಮೆ ಎಲ್ಲವೂ ಬೇರೆ.

ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವಂತೆ. ಕ್ಯಾನ್ಸರ್ ಅಂಟುರೋಗವೇ?

ಕ್ಯಾನ್ಸರ್ ಅಂಟುವುದಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಂಟುತ್ತದೆ, ಅದೂ ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೇ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಗುರುತಿಸಿದರು. ಜಠರದ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದರೆ ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1994ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಒಂದನೇ ಗುಂಪಿನ, ಅಂದರೆ ಖಚಿತವಾದ, ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿತ್ತು.

ಇದು ವರ್ಷಗಟ್ಟಲೆ ಜಠರದ ಒಳಪದರದಲ್ಲಿ ಉಳಿದು ಉರಿಯೂತ ತರುತ್ತದೆ. ಕೆಲವರಲ್ಲಿ ಪದರ ಸವೆಯುತ್ತದೆ, ಆಮೇಲೆ ಕರುಳಿನ ಪದರದ ಹಾಗೆ ಬದಲಾಗುತ್ತದೆ, ಕೊನೆಗೆ ಕ್ಯಾನ್ಸರ್. ಕೊಲಂಬಿಯಾ ಮೂಲದ ಪೆಲಾಯೊ ಕೊರೆಯಾ 1975ರಲ್ಲಿ ಈ ಮೆಟ್ಟಿಲುಗಳನ್ನು ವಿವರಿಸಿದರು. ಮೆಟ್ಟಿಲಿಂದ ಮೆಟ್ಟಿಲಿಗೆ ಹೋಗಲು ದಶಕಗಳೇ ಬೇಕು, ಬ್ಯಾಕ್ಟೀರಿಯಾ ಇರುವವರಲ್ಲಿ ಕೊನೆಯ ಮೆಟ್ಟಿಲು ತಲುಪುವವರು ನೂರಕ್ಕೆ ಒಬ್ಬರಿಂದ ಮೂವರು.

ಒಗಟು ಇರುವುದು ಇಲ್ಲೇ. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಜಠರದಲ್ಲಿ ಈ ಬ್ಯಾಕ್ಟೀರಿಯಾ ಕಂಡುಬಂದಿದೆ. ಬ್ಯಾಕ್ಟೀರಿಯಾವೊಂದೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ನಮ್ಮಲ್ಲೂ ಜಪಾನಿನಷ್ಟು ಕ್ಯಾನ್ಸರ್ ಇರಬೇಕಿತ್ತು. ಇಲ್ಲ. ಸಂಶೋಧಕರು ಇದನ್ನು ಏಷ್ಯಾದ ಒಗಟು ಎಂದೇ ಕರೆಯುತ್ತಾರೆ. ಪೂರ್ವ ಏಷ್ಯಾದ ಬ್ಯಾಕ್ಟೀರಿಯಾ ತಳಿ ಹೆಚ್ಚು ಉಗ್ರ, ಅಲ್ಲಿಯ ಊಟದಲ್ಲಿ ಉಪ್ಪು ಹೆಚ್ಚು, ನಮ್ಮ ಜನರ ದೇಹ ಸ್ಪಂದಿಸುವ ರೀತಿ ಬೇರೆ ಎಂಬ ವಿವರಣೆಗಳಿವೆ. ಒಂದರಿಂದಲೇ ಒಗಟು ಬಿಡುವುದಿಲ್ಲ.

ಒಣಮೀನು, ಉಪ್ಪಿನಕಾಯಿ, ಉಪ್ಪುಸೊಳೆ ಎಲ್ಲ ಬಿಟ್ಟುಬಿಡಬೇಕೇ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಯಾವಾಗಲೂ ತಪ್ಪು ಮಾಡಿದವರ ಅಂಜಿಕೆ ಇರುತ್ತದೆ. ಗಂಡನಿಗೆ ಗಂಜಿಯ ಜೊತೆ ಒಣಸಿಗಡಿಯ ಚಟ್ನಿ ಅರೆದು ಕೊಟ್ಟ ಹೆಂಡತಿ ‘ನಾನೇ ಕೊಂದೆನಾ?’ ಎಂದು ಕೇಳಿದ್ದನ್ನು ಮರೆಯಲಾರೆ. ಇಲ್ಲ ತಾಯೀ. ಯಾರೊಬ್ಬರ ಕ್ಯಾನ್ಸರಿಗೂ ಹೀಗೆ ಒಂದು ತಟ್ಟೆಯನ್ನು ತೋರಿಸಿ ಕಾರಣ ಹೇಳಲು ಬರುವುದಿಲ್ಲ.

ಉಪ್ಪು ಹಾಕಿ ಕೆಡದಂತೆ ಇಟ್ಟ ಆಹಾರವನ್ನು ಹೆಚ್ಚು ತಿನ್ನುವ ಸಮುದಾಯಗಳಲ್ಲಿ ಜಠರದ ಕ್ಯಾನ್ಸರ್ ಹೆಚ್ಚು ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಅತಿಯಾದ ಉಪ್ಪು ಜಠರದ ಒಳಪದರವನ್ನು ಕೆರಳಿಸುತ್ತದೆ, ಬ್ಯಾಕ್ಟೀರಿಯಾದ ಹಾನಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಸ್ವಲ್ಪ ಕಡಿಮೆ. ಬಾಳೆ ಎಲೆಯ ಎಡತುದಿಯಲ್ಲಿ ಬಡಿಸುವ ಉಪ್ಪಿನಕಾಯಿಯ ಗಾತ್ರ ನಿಮಗೆ ಗೊತ್ತು. ಅಷ್ಟಿದ್ದರೆ ಭಯ ಬೇಡ. ಉಪ್ಪುಸೊಳೆಯನ್ನು ರಾತ್ರಿಯೇ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ ಅಡುಗೆ ಮಾಡುವುದು ನಮ್ಮ ಅಜ್ಜಿಯಂದಿರ ಪದ್ಧತಿ. ಅದನ್ನು ಬಿಡಬೇಡಿ. ಒಣ ಬಂಗುಡೆಯನ್ನೂ ಹಾಗೆಯೇ ನೀರಿನಲ್ಲಿಟ್ಟು ತೊಳೆಯಿರಿ. ಹಣ್ಣು, ಹಸಿ ತರಕಾರಿ ಹೆಚ್ಚಿಸಿ.

ಬಿಡಲೇಬೇಕಾದದ್ದು ಬೀಡಿ, ಸಿಗರೇಟು. ತಂಬಾಕಿನ ಹೊಗೆ ಜಠರದ ಕ್ಯಾನ್ಸರಿಗೂ ಕಾರಣ ಎಂಬುದು ಸಿದ್ಧವಾದ ವಿಷಯ. ಅದು ಶ್ವಾಸಕೋಶಕ್ಕೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಮದ್ಯವನ್ನೂ ಇದರ ಜೊತೆಗೇ ಸೇರಿಸಿ.

ಗಂಡಸರಿಗೇ ಹೆಚ್ಚು ಏಕೆ?

ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಗಂಡಸರ ದರ ಹೆಂಗಸರ ದರದ ಇಮ್ಮಡಿಯ ಹತ್ತಿರ ಇರುತ್ತದೆ. ತಂಬಾಕು, ಮದ್ಯ ಒಂದು ಕಾರಣ. ಈಸ್ಟ್ರೋಜನ್ ಹಾರ್ಮೋನು ಹೆಂಗಸರಿಗೆ ಸ್ವಲ್ಪ ರಕ್ಷಣೆ ಕೊಡುತ್ತದೆ ಎಂಬ ವಾದವೂ ಇದೆ.

ಈ ರೋಗ ಹೆಚ್ಚುತ್ತಿದೆಯೇ, ಕಡಿಮೆಯಾಗುತ್ತಿದೆಯೇ?

ದರ ಇಳಿಯುತ್ತಿದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಗಂಡಸರ ಕ್ಯಾನ್ಸರ್ ಸಾವುಗಳಲ್ಲಿ ಮೊದಲ ಸ್ಥಾನ ಇದರದ್ದೇ. ಯಾವ ಔಷಧವೂ, ಯಾವ ಆಂದೋಲನವೂ ಇಲ್ಲದೆ ಅಲ್ಲಿ ಇಳಿಯತೊಡಗಿತು. ಮನೆಗೆ ಫ್ರಿಜ್ ಬಂತು, ಉಪ್ಪು ಹಾಕಿಟ್ಟ ಮಾಂಸ ಕಡಿಮೆಯಾಯಿತು, ವರ್ಷವಿಡೀ ಹಣ್ಣು ತರಕಾರಿ ಸಿಕ್ಕಿತು. ನೀರು, ನೈರ್ಮಲ್ಯ ಸುಧಾರಿಸಿ ಮಕ್ಕಳಿಗೆ ಬ್ಯಾಕ್ಟೀರಿಯಾ ಅಂಟುವುದೂ ಕಡಿಮೆಯಾಯಿತು. ಬೆಂಗಳೂರು, ಚೆನ್ನೈ ನೋಂದಣಿಗಳಲ್ಲೂ ಇಳಿಕೆ ಕಂಡಿದೆ. ಜನಸಂಖ್ಯೆ ಬೆಳೆದು, ಜನ ಹೆಚ್ಚು ಕಾಲ ಬದುಕುತ್ತಿರುವುದರಿಂದ ರೋಗಿಗಳ ಒಟ್ಟು ಸಂಖ್ಯೆ ಮಾತ್ರ ಇಳಿದಂತೆ ಕಾಣುವುದಿಲ್ಲ.

ನಮ್ಮ ಕಡಲತೀರದಲ್ಲೂ ಇಂಥದ್ದೇ ಬದಲಾವಣೆ ನಡೆದಿದೆ. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಕರಾವಳಿಯುದ್ದಕ್ಕೂ ಮೀನಿಗೆ ಉಪ್ಪು ಹಾಕಲು ಸರ್ಕಾರವೇ ಯಾರ್ಡುಗಳನ್ನು ತೆರೆದಿತ್ತು. ಈಗ ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ದೋಣಿ ಹೊರಡುವ ಮುಂಚೆ ಪುಡಿ ಮಾಡಿದ ಮಂಜುಗಡ್ಡೆಯನ್ನು ಗೋಣಿಗಟ್ಟಲೆ ತುಂಬುತ್ತಾರೆ. ಉಪ್ಪಿನ ಕೆಲಸವನ್ನು ಮಂಜು ಮಾಡುತ್ತಿದೆ.

ಒಂದು ಎಚ್ಚರಿಕೆ: ಜಠರದ ಮೇಲ್ಭಾಗ, ಅಂದರೆ ಅನ್ನನಾಳ ಸೇರುವ ಜಾಗದ ಕ್ಯಾನ್ಸರ್ ಬೇರೆ ದಾರಿ ಹಿಡಿದಿದೆ. ಬೊಜ್ಜು ಮತ್ತು ಹುಳಿತೇಗಿನೊಂದಿಗೆ ಸಂಬಂಧವಿರುವ ಇದು ಪಶ್ಚಿಮದ ಹಲವು ದೇಶಗಳಲ್ಲಿ ಏರಿಕೆ ಕಂಡಿತು.

ಊರು ಬಿಟ್ಟು ಹೋದವರಿಗೆ ಅಪಾಯ ಬದಲಾಗುತ್ತದೆಯೇ?

ಜಪಾನಿನಿಂದ ಹವಾಯಿಗೆ ಹೋದ ಕುಟುಂಬಗಳ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಹಡಗು ಹತ್ತಿ ಹೋದವರಲ್ಲಿ ಅಪಾಯ ಹೆಚ್ಚಾಗಿಯೇ ಉಳಿಯಿತು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಇಳಿಯಿತು. ಇದರಿಂದ ಬಾಲ್ಯದ ಮನೆ, ನೀರು, ಊಟ ಎಷ್ಟು ಮುಖ್ಯ ಎಂದು ತಿಳಿಯಿತು. ಮುಂಬಯಿಯಲ್ಲಿ ಹುಟ್ಟಿದ ಉಡುಪಿಯ ಮಕ್ಕಳ ವಿಷಯ ಯೋಚಿಸುವಾಗ ಈ ಅಧ್ಯಯನ ನನಗೆ ನೆನಪಾಗುತ್ತದೆ.

ಮನೆಯಲ್ಲಿ ಒಬ್ಬರಿಗೆ ಬಂದಿದೆ. ನಮಗೂ ಬರುತ್ತದೆಯೇ?

ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಮೂಲ ಅಪಾಯವೇ ಕಡಿಮೆ ಇರುವುದರಿಂದ ಇದು ಗಾಬರಿ ಪಡುವ ಸಂಖ್ಯೆಯಲ್ಲ. ಒಂದೇ ಮನೆಯವರ ರಕ್ತ ಒಂದೇ, ಅಡುಗೆ ಒಂದೇ, ಬಾಲ್ಯದ ಬ್ಯಾಕ್ಟೀರಿಯಾವೂ ಒಂದೇ. ಇಂಥವರು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಉಸಿರಿನ ಅಥವಾ ಮಲದ ಪರೀಕ್ಷೆ ಸಾಕು. ಇದ್ದರೆ ಸುಮಾರು ಎರಡು ವಾರದ ಮಾತ್ರೆಗಳು. ಮಧ್ಯದಲ್ಲಿ ನಿಲ್ಲಿಸಬೇಡಿ.

ಕೇವಲ ಅನುವಂಶಿಕತೆಯಿಂದ ಬರುವ ಬಗೆ ಬಹಳ ಅಪರೂಪ. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ ಸಿಡಿಎಚ್1 ಎಂಬ ವಂಶವಾಹಿಯ ದೋಷ ಪತ್ತೆಯಾಯಿತು. ಎಳೆಯ ವಯಸ್ಸಿನಲ್ಲೇ ಒಂದೇ ಮನೆಯ ಹಲವರಿಗೆ ಬಂದಿದ್ದರೆ ಮಾತ್ರ ಆ ಕಡೆ ಯೋಚಿಸಬೇಕು.

ಜಪಾನ್, ಕೊರಿಯಾದ ಹಾಗೆ ನಮ್ಮಲ್ಲೂ ಎಲ್ಲರಿಗೂ ಎಂಡೋಸ್ಕೋಪಿ ಮಾಡಬಾರದೇಕೆ?

ಕೊರಿಯಾದಲ್ಲಿ ನಲವತ್ತು ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ. ಜಪಾನಿನಲ್ಲಿ 2013ರಿಂದ ಜಠರದ ಉರಿಯೂತ ಇರುವವರ ಬ್ಯಾಕ್ಟೀರಿಯಾ ಚಿಕಿತ್ಸೆಯೂ ವಿಮೆಯಡಿ ಬಂದಿದೆ. ಲಕ್ಷಕ್ಕೆ ನಲವತ್ತು ಇರುವಲ್ಲಿ ಸಾವಿರಾರು ಜನರನ್ನು ಪರೀಕ್ಷಿಸಿದರೆ ಕೆಲವರ ಜೀವ ಉಳಿಯುತ್ತದೆ. ಲಕ್ಷಕ್ಕೆ ನಾಲ್ಕೈದು ಇರುವಲ್ಲಿ ಅಷ್ಟೇ ಜೀವ ಉಳಿಸಲು ಅದರ ಎಂಟು ಹತ್ತು ಪಟ್ಟು ಜನರ ಗಂಟಲಿಗೆ ಕೊಳವೆ ಇಳಿಸಬೇಕು. ಐಜೋಲ್‌ನಲ್ಲಿ ಇಂಥ ಕಾರ್ಯಕ್ರಮಕ್ಕೆ ಅರ್ಥವಿದೆ ಎಂದು ನನಗನ್ನಿಸುತ್ತದೆ. ಮಂಗಳೂರಿನಲ್ಲಿ ಬೇಕಾದದ್ದು ಲಕ್ಷಣ ಇರುವವರು ತಡಮಾಡದೆ ಬರುವುದು.

ಯಾವಾಗ ಬರಬೇಕು?

ನಲವತ್ತೈದು, ಐವತ್ತು ದಾಟಿದ ಮೇಲೆ ಹೊಸದಾಗಿ ಅಜೀರ್ಣ ಶುರುವಾಗಿ ಬಿಡದಿದ್ದರೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತಹೀನತೆ ಕಂಡರೆ ಯಾವ ವಯಸ್ಸಾದರೂ ಕೂಡಲೇ.

ಕಡತಗಳಲ್ಲಿ ನಾನು ಮತ್ತೆ ಮತ್ತೆ ಓದುವ ಒಂದು ಸಾಲಿದೆ: ‘ಎಂಟು ತಿಂಗಳಿಂದ ಗ್ಯಾಸ್ಟ್ರಿಕ್, ಅಂಗಡಿಯಿಂದ ಮಾತ್ರೆ.’ ಆಮ್ಲ ತಗ್ಗಿಸುವ ಮಾತ್ರೆಗಳು ಕ್ಯಾನ್ಸರ್ ಇದ್ದಾಗಲೂ ಉರಿಯನ್ನು ಸ್ವಲ್ಪ ಶಮನ ಮಾಡುತ್ತವೆ, ರೋಗ ಒಳಗೆ ಬೆಳೆಯುತ್ತಲೇ ಇರುತ್ತದೆ. ನನ್ನ ದೊಡ್ಡಪ್ಪನ ಕಡತದಲ್ಲೂ ಆ ಸಾಲಿತ್ತು. ಅದನ್ನು ಸಂಕೇತಕ್ಕೆ ಇಳಿಸಿದವಳು ನಾನೇ.

ನೋಂದಣಿಗೆ ನಮ್ಮಿಂದ ಏನು ಸಹಾಯವಾಗಬಹುದು?

ಕೌಂಟರಿನಲ್ಲಿ ವಿಳಾಸ ಕೇಳಿದಾಗ ರೋಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದ ಮನೆಯ ವಿಳಾಸ ಕೊಡಿ. ಗ್ರಾಮ, ತಾಲ್ಲೂಕು, ಪಿನ್ ಕೋಡ್ ಸೇರಿಸಿ. ಉಳಿದುಕೊಂಡಿರುವ ನೆಂಟರ ಮನೆಯ ವಿಳಾಸವನ್ನು ಬೇರೆಯಾಗಿ ಹೇಳಿ. ವಯಸ್ಸನ್ನು ಆಧಾರ್ ನೋಡಿ ಹೇಳಿ. ಬೇರೆ ಆಸ್ಪತ್ರೆಯಲ್ಲಿ ಮೊದಲು ತೋರಿಸಿದ್ದರೆ ಮುಚ್ಚಿಡಬೇಡಿ, ಯಾರೂ ಬೇಸರ ಪಡುವುದಿಲ್ಲ. ಹೇಳದಿದ್ದರೆ ನಿಮ್ಮ ತಂದೆ ಇಬ್ಬರು ರೋಗಿಗಳಾಗಿ ಎಣಿಕೆಯಾಗಬಹುದು.

ಮನೆಯಲ್ಲಿ ತೀರಿಕೊಂಡರೆ ಪಂಚಾಯಿತಿಯಲ್ಲಿ ಮರಣ ನೋಂದಾಯಿಸುವಾಗ ‘ವಯೋಸಹಜ’ ಎಂದು ಬರೆಸಬೇಡಿ. ಆಸ್ಪತ್ರೆಯ ಬಿಡುಗಡೆ ಪತ್ರ ತೋರಿಸಿ ರೋಗದ ಹೆಸರು ಬರೆಸಿ.

ಹಳೆಯ ಕಾಗದಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಬಯಾಪ್ಸಿ ವರದಿ ಮತ್ತು ಬಿಡುಗಡೆ ಪತ್ರವನ್ನು ಎಂದಿಗೂ ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಳೆಗಾಲದ ತೇವ ತಾಗದ ಕಪಾಟಿನಲ್ಲಿಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಮಕ್ಕಳಿಗೂ ಕಳುಹಿಸಿಡಿ.